ನಂಗಲಿ ದಾಟಿದ ಹಸುವಿಗೆ ಹೊಸ ಜಾತಕ

"ಹಸು ದಿನ ತುಂಬುವ ಮೊದಲೇ ಕರು ಹಾಕುವ ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ಸರ್ಕಾರವೇ ಉಚಿತವಾಗಿ ಲಸಿಕೆ ಹಾಕುತ್ತದೆಯಲ್ಲ, ಆದರೂ ನಿಮ್ಮ ಕಡೆ ಹಸುಗಳು ಏಕೆ ಕಂದು ಹಾಕುತ್ತವೆ? ಕರಪತ್ರ ಕನ್ನಡದಲ್ಲಿದೆ ಎಂದು ಯಾರೂ ಓದುವುದಿಲ್ಲವೇ?" ಎಂದು ನೀನು ಕೇಳಿದೆ. ಮನೆಯಲ್ಲಿ ತೆಲುಗು ಆಡುವ ಮುಳಬಾಗಿಲಿನವರಿಗೆ ಇಂಥ ಮಾತು ಹೊಸದಲ್ಲ. ಹಸುವನ್ನು ತೆಲುಗಿನಲ್ಲಿ ಬೈಯುತ್ತೇವೆ, ಡೇರಿಯ ಲೆಕ್ಕವನ್ನು ಕನ್ನಡದಲ್ಲಿ ಬರೆಯುತ್ತೇವೆ. ಕರಪತ್ರವನ್ನೂ ಓದಿದ್ದೇವೆ, ಬೆಂಗಳೂರಿನವನೇ.

ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಕೇಂದ್ರದ ಕಾರ್ಯಕ್ರಮ ಬಂದ ಮೇಲೆ ಕಿವಿಗೆ 12 ಅಂಕಿಯ ಹಳದಿ ಗುರುತಿನ ಓಲೆಯೂ ಬಂತು. ಒಳ್ಳೆಯದೇ. ಆದರೆ ಆಗಲೇ ರೋಗ ಹೊಕ್ಕ ಹಸುವಿಗೆ ಆ ಲಸಿಕೆಯಿಂದ ಪ್ರಯೋಜನವಿಲ್ಲ. ನಮ್ಮ ತಲೆನೋವು ಆ ಹಸುವಿನದು.

ಅದು ಏಳನೇ ತಿಂಗಳಿನಲ್ಲಿ ಒಮ್ಮೆ ಕಂದು ಹಾಕುತ್ತದೆ. ಮುಂದಿನ ಸಲ ಸಾಮಾನ್ಯವಾಗಿ ದಿನ ತುಂಬಿಸಿಯೇ ಕರು ಹಾಕುತ್ತದೆ. ನೋಡಲು ಗುಂಡುಕಲ್ಲು, ಆದರೆ ಹಾಲಿನಲ್ಲಿ ರೋಗಾಣು. ಔಷಧಿಯಿಂದ ವಾಸಿಯಾಗುವುದಿಲ್ಲ. ಕಟುಕರಿಗೆ ಕೊಡಲು 2020ರ ಗೋಹತ್ಯೆ ನಿಷೇಧ ಕಾಯ್ದೆ ಬಿಡುವುದಿಲ್ಲ. ಬೇರೆ ಕಟ್ಟೋಣವೆಂದರೆ ಇರುವುದು ಒಂದೇ ಕೊಟ್ಟಿಗೆ, ಮೇಲೆ ಸೊಸೈಟಿಯ ಸಾಲ. ಹಾಗಾಗಿ ಹಸು ಸಂತೆಗೆ ಹೊರಡುತ್ತದೆ. ನಂಗಲಿ ದಾಟಿದರೆ ಆಂಧ್ರ. ನಾವು ಹೆಣ್ಣು ಕೊಟ್ಟು ತರುವುದೂ ಅಲ್ಲಿಗೇ, ಅಲ್ಲಿಂದಲೇ. ಆ ಕಡೆಯ ಹಸು ಈ ಕಡೆಗೆ, ಈ ಕಡೆಯದು ಆ ಕಡೆಗೆ. ದಲ್ಲಾಳಿ ಟವಲಿನ ಕೆಳಗೆ ನಿನ್ನ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಓಲೆ ಎಲ್ಲಿ ಎಂದು ಕೇಳಿದರೆ ಬೇಲಿಗೆ ಸಿಕ್ಕಿ ಹರಿಯಿತು ಎನ್ನುತ್ತಾನೆ. ನಮ್ಮ ಸೀಮೆಯ ಬೇಲಿಗಳಿಗೆ ಹಸುವಿನ ಕಿವಿಯೆಂದರೆ ಅದೇನು ಪ್ರೀತಿಯೋ!

ಓದಿದ ನಾನೂ ಅಂಥದ್ದೊಂದನ್ನು ತಂದೆ. ಕಂದು ಹಾಕಿದ ರಾತ್ರಿ ಕಸ (ಮಾಸು) ಬೀಳದೆ ನೇತಾಡುತ್ತಿತ್ತು. ಅಮ್ಮ ಬಳೆಗಳನ್ನು ಮೇಲೆ ಸರಿಸಿ, ಮೊಣಕೈವರೆಗೆ ಎಣ್ಣೆ ಸವರಿಕೊಂಡು ಬರಿಗೈಯಲ್ಲೇ ಬಿಡಿಸಿದಳು. ಇಪ್ಪತ್ತು ದಿನ ಕಳೆದ ಮೇಲೆ ಅವಳಿಗೆ ಸಂಜೆಯಾದರೆ ಜ್ವರ, ಬೆಳಗ್ಗೆ ಸೀರೆ ಹಿಂಡುವಷ್ಟು ಬೆವರು, ಸೊಂಟ ಎತ್ತಲಾಗದ ನೋವು. ಟೈಫಾಯ್ಡ್ ಎಂದು ಎರಡು ಸಲ ಔಷಧಿ ಕೊಟ್ಟರು. ಕೊನೆಗೆ ಒಬ್ಬ ಎಳೆಯ ವೈದ್ಯೆ ಕೇಳಿದಳು, "ಮನೆಯಲ್ಲಿ ಹಸು ಇದೆಯೇ?" ಅಷ್ಟು ದಿನ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ! ಹಸುವಿನ ಕಂದು ರೋಗವೇ ಅಮ್ಮನಿಗೂ ಅಂಟಿತ್ತು. ಆರು ವಾರ ಮಾತ್ರೆ ನುಂಗಿಸಿದೆವು. ನೀನು ಹೆದರಬೇಡ, ನಿನ್ನ ಪ್ಯಾಕೆಟ್ ಹಾಲು ಪಾಶ್ಚರೀಕರಣವಾಗಿಯೇ ಬರುತ್ತದೆ. ಕೈ ಹಾಕುವವರು ನಾವು.

ಆ ಹಸು ಈಗ ಮತ್ತೆ ಗಬ್ಬವಾಗಿದೆ, ಹಿತ್ತಲ ಬೇವಿನ ಮರಕ್ಕೆ ಒಂಟಿಯಾಗಿ ಕಟ್ಟಿದ್ದೇನೆ. ಈಯುವಾಗ ಕೈಗವಸು, ಕಸ ಹೂಳಲು ಗುಂಡಿ, ಸುಣ್ಣ ಎಲ್ಲ ಸಿದ್ಧವಿವೆ. ಆಂಧ್ರದ ಪಲಮನೇರಿನ ಬಾಮೈದ ಬಂದು ನೋಡಿ ಇಷ್ಟಪಟ್ಟು ಬೆಲೆ ಕೇಳಿದ. ಇದ್ದದ್ದನ್ನು ಇದ್ದಂತೆ ಹೇಳಿದೆ. "ಕೊಡಲು ಮನಸ್ಸಿಲ್ಲದಿದ್ದರೆ ಹಾಗೆಂದು ಹೇಳಿ ಬಾವ, ಪಾಪದ ಹಸುವಿಗೆ ರೋಗ ಕಟ್ಟಬೇಡಿ" ಎಂದು ಎದ್ದು ಹೋದವನು ಯುಗಾದಿಗೂ ಬರಲಿಲ್ಲ.