ಓದುಗರ ಪ್ರಶ್ನೆ, ನಮ್ಮ ಉತ್ತರ: ಕಬೀಲಿಯಾದ ಬೆಟ್ಟದೂರಿಗೆ ಹೊರಟವರಿಗೆ

ಪ್ರಶ್ನೆ: ಅಲ್ಜೀರಿಯಾದ ಕಬೀಲಿಯಾ ಬೆಟ್ಟಸೀಮೆಯ ಒಂದು ಸಣ್ಣ ಊರನ್ನು ನಿಧಾನವಾಗಿ ನೋಡುವ ಆಸೆ. ಯಾವ ಊರಿಗೆ, ಯಾವ ತಿಂಗಳಲ್ಲಿ ಹೋಗಬೇಕು?

ಉತ್ತರ: ಮೊದಲ ಸಲಕ್ಕೆ ಬೆನಿ ಯೆನ್ನಿ. ಟಿಜಿ ಉಜು ಪಟ್ಟಣದಿಂದ ಸುಮಾರು 35 ಕಿ.ಮೀ. ದೂರ. ಹೆಸರು ಒಂದಾದರೂ ಇದು ಬೆಟ್ಟದ ಏಣಿನ ಮೇಲೆ ಸಾಲಾಗಿ ಕೂತ ಏಳು ಹಳ್ಳಿಗಳ ಗುಂಪು. ಬೆಳ್ಳಿ ಕೆಲಸಕ್ಕೆ ಐತ್ ಲಹ್ಸೆನ್, ಐತ್ ಲರ್ಬಾ ಹಳ್ಳಿಗಳು ಹೆಸರುವಾಸಿ. ಲೇಖಕ ಮೌಲೂದ್ ಮಮ್ಮೆರಿ ಹುಟ್ಟಿದ್ದು ಪಕ್ಕದ ತಾವ್ರಿರ್ತ್ ಮಿಮೂನ್‌ನಲ್ಲಿ. ಎದುರಿಗೆ ಜುರ್ಜುರಾ ಪರ್ವತ ಗೋಡೆಯಂತೆ ನಿಂತಿರುತ್ತದೆ. ಅದರ ಅತಿ ಎತ್ತರದ ಶಿಖರ ಲಲ್ಲಾ ಖದೀಜಾ, 2,308 ಮೀಟರ್.

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಅಕ್ಟೋಬರ್‌ನಲ್ಲಿ ಹೋಗಿ. ಬೆಳ್ಳಿ ಆಭರಣಗಳ ಜಾತ್ರೆ ನಡೆಯುವುದು ಬೇಸಿಗೆಯಲ್ಲಿ. ಆದರೆ ಜುಲೈ–ಆಗಸ್ಟ್ ಕಾಳ್ಗಿಚ್ಚಿನ ಕಾಲವೂ ಹೌದು. 2021ರ ಆಗಸ್ಟ್‌ನಲ್ಲಿ ಈ ಸೀಮೆಯ ಹಳ್ಳಿಗಳು ಬೆಂದು ಹತ್ತಾರು ಜನ ಸತ್ತರು. ಆ ತಿಂಗಳುಗಳಲ್ಲಿ ಕಾಡಿನ ದಾರಿಗಳಿಗೆ ನಿರ್ಬಂಧ ಹಾಕುವುದುಂಟು, ಹಾಕಿದರೆ ಮೀರಬೇಡಿ. ಚಳಿಗಾಲದಲ್ಲಿ ಎತ್ತರದ ತಿರೂರ್ದಾ ಘಾಟಿ ಹಿಮ ಬಿದ್ದು ಮುಚ್ಚಿಹೋಗುತ್ತದೆ. ಏಪ್ರಿಲ್ 20ರ ಆಸುಪಾಸು ಟಿಜಿ ಉಜುವಿನಲ್ಲಿ ಮೆರವಣಿಗೆಗಳಿರಬಹುದು. 1980ರಲ್ಲಿ ಮಮ್ಮೆರಿಯವರ ಉಪನ್ಯಾಸವನ್ನು ಸರ್ಕಾರ ನಿಷೇಧಿಸಿದ್ದರಿಂದ ಭುಗಿಲೆದ್ದ, ಇಲ್ಲಿನ ಕಬೀಲ್ ಜನರ ಭಾಷಾ ಚಳವಳಿಯ ನೆನಪಿನ ದಿನ ಅದು. ಪ್ರಯಾಣವನ್ನು ಆ ದಿನಕ್ಕೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಪ್ರಶ್ನೆ: ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರಂತೆ, ನಿಜವೇ?

ಉತ್ತರ: ಆ ಸೌಲಭ್ಯ ಇರುವುದು ಏಜೆನ್ಸಿ ಮೂಲಕ ದಕ್ಷಿಣದ ಸಹಾರಾಕ್ಕೆ ಹೋಗುವವರಿಗೆ. ಕಬೀಲಿಯಾ ಉತ್ತರದಲ್ಲಿದೆ, ವೀಸಾ ಮೊದಲೇ ಕೈಯಲ್ಲಿರಬೇಕು. ಹೋಟೆಲ್ ಕಾಯ್ದಿರಿಸಿದ ಪತ್ರ ಬೇಕಾಗುತ್ತದೆ. ಯಾರದಾದರೂ ಮನೆಯಲ್ಲಿ ಉಳಿಯುವುದಾದರೆ ಮನೆಯವರು ತಮ್ಮ ಪುರಸಭೆಯಲ್ಲಿ ದೃಢೀಕರಿಸಿದ ವಸತಿ ಪತ್ರವನ್ನು ನಿಮಗೆ ಕಳಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಟಿಕೆಟ್ ತೆಗೆಯುವ ಮೊದಲೇ ಶುರುಮಾಡಿ. ಡ್ರೋನ್ ಮನೆಯಲ್ಲೇ ಇರಲಿ. ಪರವಾನಗಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಪ್ರಶ್ನೆ: ಅಲ್ಜಿಯರ್ಸ್‌ನಿಂದ ತಲುಪುವುದು ಹೇಗೆ? ಹಣದ ವ್ಯವಸ್ಥೆ?

ಉತ್ತರ: ಟಿಜಿ ಉಜು ಸುಮಾರು 100 ಕಿ.ಮೀ. ಬಸ್ಸೂ ಇದೆ, ರೈಲೂ ಇದೆ. ಅಲ್ಲಿಂದ ಮೇಲಕ್ಕೆ ಸಣ್ಣ ವ್ಯಾನುಗಳು, ಊರವರ ಬಾಯಲ್ಲಿ ‘ಫೂರ್ಗೋಂ’. ಇವಕ್ಕೆ ವೇಳಾಪಟ್ಟಿ ಇಲ್ಲ, ಸೀಟು ತುಂಬಿದಾಗ ಹೊರಡುತ್ತವೆ. ಮಧ್ಯಾಹ್ನ ಕಳೆದಂತೆ ವಿರಳವಾಗಿ, ಸಂಜೆಗೆ ನಿಂತೇಹೋಗುತ್ತವೆ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಬೆಳಗ್ಗೆ ಬೇಗ ಹತ್ತಿ. ಇಳಿಯುವಾಗಲೇ ಚಾಲಕರಲ್ಲಿ ಕೊನೆಯ ಗಾಡಿಯ ಹೊತ್ತು ಕೇಳಿಟ್ಟುಕೊಳ್ಳಿ. ಶುಕ್ರವಾರ ವಾರದ ರಜೆ, ಗಾಡಿಯೂ ಕಡಿಮೆ, ಅಂಗಡಿಯೂ ಮುಚ್ಚಿರುತ್ತದೆ. ದಾರಿಯ ತಪಾಸಣೆಯಲ್ಲಿ ವಿದೇಶಿಯರ ಪಾಸ್‌ಪೋರ್ಟ್ ಕೇಳುತ್ತಾರೆ, ಕೆಲವೊಮ್ಮೆ ಜೊತೆಗೆ ಕಾವಲನ್ನೂ ಕಳಿಸುತ್ತಾರೆ. ಸಾವಧಾನದಿಂದ ಉತ್ತರಿಸಿ, ಆ ಜಾಗದ ಫೋಟೋ ಮಾತ್ರ ಬೇಡ.

ಕಾರ್ಡ್ ನಂಬಿಕೊಂಡು ಹೋಗಬೇಡಿ. ಯೂರೋ ನೋಟು ಒಯ್ಯಿರಿ, 1,000 ಯೂರೋ ಮೀರಿದರೆ ಕಸ್ಟಮ್ಸ್‌ನಲ್ಲಿ ಘೋಷಿಸಿ, ಬ್ಯಾಂಕಿನಲ್ಲಿ ದಿನಾರ್ ಮಾಡಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿನವರು ಬಾಯಲ್ಲಿ ಲೆಕ್ಕ ಹೇಳುವುದು ಹೆಚ್ಚಾಗಿ ಸಾಂತೀಮ್‌ಗಳಲ್ಲಿ, ಅಂದರೆ ದಿನಾರಿನ ನೂರನೇ ಒಂದು ಭಾಗದಲ್ಲಿ. ‘ಹತ್ತು ಸಾವಿರ’ ಎಂದರೆ 100 ದಿನಾರ್. ‘ಒಂದು ಮಿಲಿಯನ್’ ಎಂದರೆ 10,000 ದಿನಾರ್. ಬೆಲೆ ಕೇಳಿ ಗಾಬರಿಯಾದರೆ ಕಾಗದದ ಮೇಲೆ ಬರೆಸಿಕೊಳ್ಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು.

ಉತ್ತರ: ‘ಅಮೆಕ್ಫೂಲ್’ ಕೇಳಿ. ಬಟಾಣಿ, ಬೀನ್ಸ್, ಕ್ಯಾರೆಟ್‌ಗಳನ್ನು ಹಬೆಯಲ್ಲಿ ಬೇಯಿಸಿ, ಕುಸ್ಕುಸ್‌ಗೆ (ಗೋಧಿ ರವೆಯ ಸಣ್ಣ ಕಾಳು) ಬೆರೆಸಿ, ಮೇಲೆ ಆಲಿವ್ ಎಣ್ಣೆ ಹಾಕಿ ಕೊಡುವ ಅಡುಗೆ, ಸಾರು ಇರುವುದಿಲ್ಲ. ಸಾರು ಹಾಕಿದ ಮಾಮೂಲಿ ಕುಸ್ಕುಸ್‌ನಲ್ಲಿ ತುಂಡು ಕಾಣದಿದ್ದರೂ ಸಾರು ಮಾಂಸದ್ದೇ ಇರಬಹುದು. ಕಬೀಲ್ ಭಾಷೆಯಲ್ಲಿ ಮಾಂಸಕ್ಕೆ ‘ಅಕ್ಸುಮ್’ ಎನ್ನುತ್ತಾರೆ; ಕೋಳಿಯೂ ಬೇಡವೆಂದು ಬಿಡಿಸಿ ಹೇಳಿ.

ಪ್ರಶ್ನೆ: ಹಳ್ಳಿಯೊಳಗೆ ನಡೆದುಕೊಳ್ಳುವ ರೀತಿ?

ಉತ್ತರ: ಈ ಹಳ್ಳಿಗಳಲ್ಲಿ ‘ತಜ್ಮಾತ್’ ಎಂಬ ಊರ ಸಭೆ ಇದೆ. ನೀರು, ದಾರಿ, ಸ್ವಚ್ಛತೆ, ಸಣ್ಣ ವ್ಯಾಜ್ಯ ಎಲ್ಲವೂ ಅಲ್ಲಿಯೇ ತೀರ್ಮಾನ. ಸಭೆ ಕೂರುವ ಕಲ್ಲುಜಗಲಿಯ ಚಾವಡಿಗೂ ಅದೇ ಹೆಸರು. ಮೊದಲು ಅಲ್ಲಿಗೆ ಹೋಗಿ ಕೂತ ಹಿರಿಯರಿಗೆ ‘ಅಝೂಲ್’ ಎನ್ನಿ, ಯಾಕೆ ಬಂದಿದ್ದೀರೆಂದು ಹೇಳಿ. ಅಲ್ಲಿಂದಾಚೆ ಯಾರೋ ಒಬ್ಬರು ಜೊತೆ ಬಂದೇ ಬರುತ್ತಾರೆ. ಫ್ರೆಂಚ್ ಅಲ್ಪಸ್ವಲ್ಪ ಬಂದರೂ ಕೆಲಸ ಸುಲಭ.

ಊರ ಕೆಳಗಿನ ನೀರಿನ ತಾಣ ‘ತಾಲಾ’ ಹಿಂದಿನಿಂದಲೂ ಹೆಂಗಸರ ಜಾಗ. ಗಂಡಸರು ಅತ್ತ ಸುಮ್ಮನೆ ಇಳಿಯಬಾರದು. ಕ್ಯಾಮೆರಾ ಹಿಡಿದಂತೂ ಬೇಡವೇ ಬೇಡ. ಹೂವಿನ ಅಂಚಿನ ಉಡುಪು ಎಷ್ಟೇ ಚೆಂದ ಕಂಡರೂ ಹೆಂಗಸರ ಫೋಟೋವನ್ನು ಕೇಳದೆ ತೆಗೆಯಬೇಡಿ. ಹಳೆಯ ಮನೆಯೊಳಗೆ ಕರೆದರೆ ಮಾತ್ರ ನಿಧಾನವಾಗಿ ನೋಡಿ. ಒಂದೇ ಸೂರಿನಡಿ ಮೇಲ್ಮಟ್ಟದಲ್ಲಿ ಜನ, ತಗ್ಗಿನಲ್ಲಿ ದನ, ಅದರ ಮೇಲೆ ಅಟ್ಟ. ಧಾನ್ಯ, ಒಣ ಅಂಜೂರಗಳಿಗೆ ಮಣ್ಣಿನ ದೊಡ್ಡ ವಾಡೆಗಳು, ಇವು ‘ಇಕೂಫಾನ್’. ಅವು ಸುಡದ ಮಣ್ಣಿನವು. ಒರಗಿಕೊಂಡರೆ ಮೂಲೆ ಉದುರುತ್ತದೆ.

ಪ್ರಶ್ನೆ: ಬೆಳ್ಳಿ ಒಡವೆ ಕೊಳ್ಳುವಾಗ ಮೋಸ ಹೋಗದಿರಲು ಏನು ನೋಡಬೇಕು?

ಉತ್ತರ: ಸಾಧ್ಯವಾದರೆ ಕೆಲಸದ ಮನೆಯಲ್ಲೇ ಕೊಳ್ಳಿ, ಮಾಡುವ ಕ್ರಮ ಕಣ್ಣೆದುರಿಗೇ ಇರುತ್ತದೆ. ತಗಡಿನ ಮೇಲೆ ಹೆಣೆದ ಬೆಳ್ಳಿ ತಂತಿಯನ್ನು ಬೆಸೆದು ಸಣ್ಣ ಸಣ್ಣ ಮನೆ ಕಟ್ಟುತ್ತಾರೆ. ಅದರೊಳಗೆ ಗಾಜಿನ ಪುಡಿ ತುಂಬಿ ಕುಲುಮೆಗಿಟ್ಟರೆ ನೀಲಿ, ಹಸಿರು, ಹಳದಿ ಎನಾಮೆಲ್ ಆಗುತ್ತದೆ. ನೀಲಿ ಕೋಬಾಲ್ಟ್‌ನಿಂದ ಬರುವ ಬಣ್ಣ. ಕೆಂಪು ಹವಳ ಕೂರಿಸುವುದು ಕಟ್ಟಕಡೆಗೆ, ಏಕೆಂದರೆ ಅದು ಬೆಂಕಿ ತಡೆಯದು. ಆದ್ದರಿಂದ ಹವಳ ಬಿದ್ದರೆ ಮತ್ತೆ ಕೂರಿಸುವುದು ಸುಲಭ. ಎನಾಮೆಲ್ ಚಕ್ಕೆ ಎದ್ದರೆ ಮಾತ್ರ ಹವಳವನ್ನೆಲ್ಲ ಕಿತ್ತು ಪುನಃ ಕುಲುಮೆಗಿಡಬೇಕು.

‘ತಬ್ಝಿಮ್ತ್’ ಎಂಬ ದುಂಡನೆಯ ಪದಕ ಇಲ್ಲಿನ ಹೆಮ್ಮೆ. ಗಂಡುಮಗು ಹೆತ್ತ ತಾಯಿ ಅದನ್ನು ಹಣೆಯ ಮೇಲೆ ಧರಿಸುತ್ತಿದ್ದಳು. ಕೈಗೆ ಬಂದ ಕೂಡಲೇ ತಿರುಗಿಸಿ ಹಿಂಬದಿ ನೋಡಿ: ಒಳ್ಳೆಯ ಕೆಲಸದಲ್ಲಿ ಅಲ್ಲಿಯೂ ಎನಾಮೆಲ್ ಇರುತ್ತದೆ. ನಿಜವಾದ ಹವಳ ಕೈಗೆ ತಣ್ಣಗೆ, ತೂಕವಾಗಿ ಹತ್ತುತ್ತದೆ. ಭೂತಗನ್ನಡಿಯಲ್ಲಿ ಸಣ್ಣ ಗೆರೆಗಳು ಕಾಣುತ್ತವೆ, ಎರಡು ತುಂಡು ಒಂದೇ ಬಣ್ಣ ಇರುವುದು ಅಪರೂಪ. ಪ್ಲಾಸ್ಟಿಕ್ ಹಗುರ, ಎಲ್ಲ ತುಂಡೂ ಒಂದೇ ಅಚ್ಚು. ಪ್ಲಾಸ್ಟಿಕ್ ಹಾಕಿದ ಒಡವೆಯೂ ಧಾರಾಳವಾಗಿ ಮಾರಾಟಕ್ಕಿದೆ. ಅದು ತಪ್ಪಲ್ಲ, ಹವಳದ ಬೆಲೆ ಕೊಡುವುದು ತಪ್ಪು. ಬೆಳ್ಳಿಯ ಮುದ್ರೆ ತೋರಿಸಲು ಹೇಳಿ, ಬಿಲ್ ಪಡೆಯಿರಿ. ತೀರಾ ಹಳೆಯ ಒಡವೆ ಬೇಡ. 1998ರ ಪರಂಪರೆ ಕಾಯ್ದೆಯಡಿ ಗಡಿಯಲ್ಲಿ ತೊಂದರೆಯಾಗಬಹುದು.

ಎನಾಮೆಲ್ ಬಳೆಯನ್ನು ಕೈಗೆ ಹೊಂದಲೆಂದು ಒತ್ತಿ ಬಗ್ಗಿಸಬೇಡಿ: ಬೆಳ್ಳಿ ಬಾಗುತ್ತದೆ, ಗಾಜು ಬಾಗದು. ತೊಳೆಯುವಾಗ ಹುಣಸೆ, ನಿಂಬೆ ಮುಟ್ಟಿಸಬೇಡಿ, ಹುಳಿ ಹವಳವನ್ನು ತಿನ್ನುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು.