ಸಹಿ ಸಂಗ್ರಹಕ್ಕೆ ಹೊರಡುವ ಮುನ್ನ ಹಾಜರಾತಿ ಪಾಲಿಸಿ ಎಫ್‌ಇಎ ತೆರೆದು ಓದಿ

ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಹಾಜರಾತಿ ಪಾಲಿಸಿ ಬದಲಿಸಲು ಎಷ್ಟು ಸಹಿ ಬೇಕು ಅಂತ ಕೇಳಿದ್ದೀರಿ. ಒಂದೂ ಬೇಡ. ಟೆಕ್ಸಾಸ್‌ನಲ್ಲಿ ದೀಪಾವಳಿಗೆ ಮಗನನ್ನು ಮನೆಯಲ್ಲಿ ಉಳಿಸಿಕೊಂಡಿದ್ದಕ್ಕೆ ಶಾಲೆ ‘ಅನ್‌ಎಕ್ಸ್‌ಕ್ಯೂಸ್ಡ್’ (ಮನ್ನಿಸದ ಗೈರು) ಹಾಕಿದೆ ಅಂದರೆ ತಪ್ಪಿರುವುದು ಪಾಲಿಸಿಯಲ್ಲಲ್ಲ, ಶಾಲೆಯಲ್ಲಿ.

ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ನಮಗೂ ಹೀಗೇ ಆಯಿತು. ಗೈರುಹಾಜರಿ ಕಡಿಮೆ ಇದ್ದ ಮಕ್ಕಳಿಗೆ ಸೆಮಿಸ್ಟರ್ ಕೊನೆಯ ಪರೀಕ್ಷೆಯಿಂದ ವಿನಾಯಿತಿ ಇತ್ತು. ಹಬ್ಬದ ಒಂದು ದಿನದಿಂದ ಅದು ಕೈತಪ್ಪಿತು. ಕನ್ನಡ ಸಂಘದವರನ್ನೆಲ್ಲ ಸೇರಿಸಿ, ಮನೆಮನೆಗೆ ಹೋಗಿ ಸಹಿ ಹಾಕಿಸಿ, ಡಿಸ್ಟ್ರಿಕ್ಟ್‌ನ ಆಡಳಿತ ನೋಡುವ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಹೆಸರು ಕೊಟ್ಟು ಮಾತಾಡಿದೆ. ಬೋರ್ಡಿನ ಸದಸ್ಯರು, ಅಂದರೆ ಏಳೂ ಟ್ರಸ್ಟಿಗಳು ಕೇಳಿಸಿಕೊಂಡರು, ಥ್ಯಾಂಕ್ಯೂ ಅಂದರು, ಮುಂದಿನವರನ್ನು ಕರೆದರು. ಬಹಳ ನೋವಾಯಿತು. ಅದು ಅಸಡ್ಡೆಯಲ್ಲ ಅಂತ ಆಮೇಲೆ ತಿಳಿಯಿತು. ಅಜೆಂಡಾದಲ್ಲಿಲ್ಲದ ವಿಷಯ ಯಾರಾದರೂ ಎತ್ತಿದರೆ ಬೋರ್ಡ್ ಅದನ್ನು ಚರ್ಚಿಸುವಂತಿಲ್ಲ. ಇರುವ ಪಾಲಿಸಿಯನ್ನು ಓದಿ ಹೇಳಬಹುದು, ಮಾಹಿತಿ ಕೊಡಬಹುದು, ಮುಂದಿನ ಅಜೆಂಡಾಗೆ ಸೇರಿಸೋಣವೇ ಎನ್ನಬಹುದು. ಸರ್ಕಾರಿ ಮಂಡಳಿಗಳ ಸಭೆಗೆ ನಿಯಮ ಹಾಕುವ ಟೆಕ್ಸಾಸ್‌ನ ಓಪನ್ ಮೀಟಿಂಗ್ಸ್ ಕಾಯ್ದೆ ಬಿಡುವುದು ಇಷ್ಟನ್ನೇ.

ಆದರೆ ನಾನು ಎಡವಿದ್ದು ಅದಕ್ಕೂ ಮೊದಲೇ, ಅದನ್ನು ಬಿಡಿಸಿ ಹೇಳಲೇಬೇಕು. ಇಲ್ಲಿನ ಬಹುತೇಕ ಡಿಸ್ಟ್ರಿಕ್ಟ್‌ಗಳು ರಾಜ್ಯದ ಸ್ಕೂಲ್ ಬೋರ್ಡ್‌ಗಳ ಸಂಘ ಟಿಎಎಸ್‌ಬಿ ಸಿದ್ಧಪಡಿಸುವ ಪಾಲಿಸಿ ಕೈಪಿಡಿಯನ್ನೇ ಬಳಸುತ್ತವೆ. ಎ ಇಂದ ಜಿ ವರೆಗೆ ಏಳು ವಿಭಾಗ: ಬಿ ಬೋರ್ಡಿನ ಆಡಳಿತ, ಡಿ ಸಿಬ್ಬಂದಿ, ಇ ಬೋಧನೆ, ಎಫ್ ವಿದ್ಯಾರ್ಥಿಗಳು, ಹೀಗೆ. ಅದಕ್ಕೇ ಹಾಜರಾತಿಯೆಂದರೆ ಹ್ಯೂಸ್ಟನ್ ಕಡೆಯೂ ಎಫ್‌ಇಎ, ಡಲ್ಲಾಸ್ ಕಡೆಯೂ ಎಫ್‌ಇಎ. ಒಂದೇ ಕೋಡಿನಡಿ ಎರಡು ಕಡತ ಕಾಣುತ್ತವೆ. ‘ಲೀಗಲ್’ ಎಂದಿರುವುದು ರಾಜ್ಯ ಮತ್ತು ಫೆಡರಲ್ ಕಾನೂನು ಹೇಳಿದ್ದು. ಅದಕ್ಕೆ ಬೋರ್ಡ್ ಮತ ಹಾಕುವುದಿಲ್ಲ. ‘ಲೋಕಲ್’ ಎಂದಿರುವುದು ಬೋರ್ಡ್ ತಾನೇ ಮತ ಹಾಕಿ ಒಪ್ಪಿದ್ದು, ಕೊನೆಯಲ್ಲಿ ಒಪ್ಪಿದ ತಾರೀಕೂ ಇರುತ್ತದೆ. ಜಾರಿಗೆ ತರುವ ವಿಧಾನ ‘ರೆಗ್ಯುಲೇಷನ್’, ಅದು ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರ ಕೈಯಲ್ಲಿ. ನಾನು ಓದಿದ್ದು ಶಾಲೆಯ ಹ್ಯಾಂಡ್‌ಬುಕ್ ಮಾತ್ರ. ಎಫ್‌ಇಎ ಲೀಗಲ್ ತೆರೆದಿದ್ದರೆ ಟೆಕ್ಸಾಸ್‌ನ ಶಿಕ್ಷಣ ಕಾನೂನು ಎಜುಕೇಷನ್ ಕೋಡ್‌ನ ಸೆಕ್ಷನ್ 25.087 ಕಣ್ಣಿಗೆ ಬೀಳುತ್ತಿತ್ತು: ಧಾರ್ಮಿಕ ಹಬ್ಬ ಆಚರಿಸಲು ಮಗು ಬರದಿದ್ದರೆ ಆ ಗೈರನ್ನು ಮನ್ನಿಸಲೇಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ, ತಪ್ಪಿದ ಪಾಠ ಮುಗಿಸಲು ಸಮಯ ಕೊಡಬೇಕು. ಕಾನೂನು ಆಗಲೇ ಕೊಟ್ಟಿದ್ದನ್ನು ನಾನು ಬೋರ್ಡಿನ ಮುಂದೆ ನಿಂತು ಬೇಡುತ್ತಿದ್ದೆ.

ಅಷ್ಟರಲ್ಲಿ ದೂರಿನ ಗಡುವೂ ಮುಗಿದಿತ್ತು. ಪೋಷಕರ ದೂರುಗಳ ಪಾಲಿಸಿ ಎಫ್‌ಎನ್‌ಜಿ ಲೋಕಲ್. ನಮ್ಮಲ್ಲಿ ಆಗ ವಿಷಯ ತಿಳಿದ 15 ಕೆಲಸದ ದಿನಗಳೊಳಗೆ ಮೊದಲ ಹಂತದ ದೂರು ಕೊಡಬೇಕಿತ್ತು. ಅವೆಲ್ಲ ಸಹಿ ಹಾಕಿಸುವುದರಲ್ಲೇ ಕಳೆದವು. ತಡವಾಯಿತೆಂದು ದೂರನ್ನು ತಳ್ಳಿಹಾಕಿದರು, ಮಗಳು ಪರೀಕ್ಷೆ ಬರೆದಳು. 2025ರಲ್ಲಿ ಬಂದ ಕಾನೂನು ಈ ಗಡುವನ್ನು ಬದಲಿಸಿದೆ, ನಿಮ್ಮ ಡಿಸ್ಟ್ರಿಕ್ಟ್‌ನ ಈಗಿನ ಎಫ್‌ಎನ್‌ಜಿಯನ್ನೇ ನೋಡಿ.

ಇವತ್ತೇ ಅಟೆಂಡೆನ್ಸ್ ಕ್ಲರ್ಕ್‌ಗೆ ಇಮೇಲ್ ಬರೆಯಿರಿ, ಪ್ರಿನ್ಸಿಪಾಲರಿಗೂ ಕಾಪಿ ಹೋಗಲಿ. ಹಬ್ಬದ ಹೆಸರು, ತಾರೀಕು, 25.087, ಇಷ್ಟು ಸಾಕು. ಸರಿಪಡಿಸದಿದ್ದರೆ ಗಡುವಿನೊಳಗೆ ದೂರಿನ ಫಾರ್ಮ್ ತುಂಬಿ ಕೊಡಿ. ಪರಿಚಯದ ಟ್ರಸ್ಟಿಯ ಕೈಯಲ್ಲಿ ಹೇಳಿಸೋಣ ಅಂತ ಯಾರಾದರೂ ಅಂದರೆ ಕೇಳಬೇಡಿ. ಬೋರ್ಡ್ ಸಭೆಯಾಗಿ ಕೂತಾಗಷ್ಟೇ ಅಧಿಕಾರ, ಒಬ್ಬೊಬ್ಬರಿಗೆ ಬಿಡಿಯಾಗಿ ಇಲ್ಲ.

ಇಡೀ ಡಿಸ್ಟ್ರಿಕ್ಟ್‌ಗೇ ದೀಪಾವಳಿ ರಜೆ ಬೇಕು ಅನ್ನುವುದಾದರೆ ಅದು ಬೇರೆ ಮಾತು. ಶಾಲಾ ಕ್ಯಾಲೆಂಡರ್‌ಗೆ ಮತ ಹಾಕುವುದು ಬೋರ್ಡೇ. ಸಹಿಗಳನ್ನು ಅದಕ್ಕೆ ಇಟ್ಟುಕೊಳ್ಳಿ, ಕ್ಯಾಲೆಂಡರಿನ ಕರಡು ಬೋರ್ಡಿನ ಅಜೆಂಡಾಗೆ ಬರುವ ಮೊದಲೇ ತಲುಪಿಸಿ. ಬಂದ ದಿನ ನಮ್ಮವರು ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಲಿ. ಅಜೆಂಡಾದಲ್ಲಿರುವ ವಿಷಯವಾದರೆ, ತೀರ್ಮಾನಕ್ಕೆ ಮೊದಲು ಜನರ ಮಾತು ಕೇಳಲೇಬೇಕು ಅಂತ 2019ರಿಂದ ಕಾನೂನೇ ಇದೆ.