ಟೀಮ್ ಪ್ರಾಜೆಕ್ಟ್ ಕೆಡುವುದು ಎರಡು ಕೆಲಸ ಕೂಡುವ ಜಾಗದಲ್ಲಿ

ಇಂಜಿನಿಯರಿಂಗ್ ಕೊನೆಯ ವರ್ಷ, ನಾಲ್ಕು ಜನರ ಟೀಮ್, ಅದರಲ್ಲಿ ಒಬ್ಬ ಏನೂ ಮಾಡುತ್ತಿಲ್ಲ, ಇಂಥ ಪ್ರಾಜೆಕ್ಟ್ ಮುಗಿಸಿದವರು ಏನು ಕಲಿತಿರಿ ಎಂದು ಕೇಳಿದ್ದೀರಿ. ನಾನು ವಿಜಯಪುರದವನು. ಓದಿದ್ದು ಪುಣೆಯಲ್ಲಿ, ಈಗ ಕೆಲಸ ಪುಣೆ ಹತ್ತಿರದ ಚಾಕಣದಲ್ಲಿ. ನನಗೆ ಹೇಳಬೇಕು ಅನಿಸೋದು ಒಂದೇ. ಕೆಲಸ ಹಂಚಿಕೊಳ್ಳುವುದು ಸುಲಭ. ಹಂಚಿದ ಕೆಲಸಗಳು ಒಂದಕ್ಕೊಂದು ಕೂಡುವ ಜಾಗ ಮಾತ್ರ ಯಾರ ಪಾಲಿಗೂ ಬರುವುದಿಲ್ಲ.

ನಮ್ಮದು ಒಂದು ಸಣ್ಣ ಕನ್ವೇಯರ್. ಬೆಲ್ಟ್ ಮೇಲೆ ಪೊಟ್ಟಣ ಬರುತ್ತದೆ. ನಡುವೆ ಬೆಲ್ಟ್ ಕೆಳಗೊಂದು ಪ್ಲೇಟು, ಅದರಡಿ ತೂಕ ಅಳೆಯುವ ಲೋಡ್ ಸೆಲ್. ತೂಕ ಕಡಿಮೆ ಬಂದರೆ ಮುಂದೆ ಕೂತ ಸರ್ವೋ ಮೋಟರ್ ಆ ಪೊಟ್ಟಣವನ್ನು ಪಕ್ಕಕ್ಕೆ ತಳ್ಳಬೇಕು. ಒಬ್ಬ ಬೆಲ್ಟು-ರೋಲರ್ ನೋಡಿಕೊಂಡ, ಒಬ್ಬ ಸರ್ಕಿಟ್, ನಾನು ಪ್ರೋಗ್ರಾಂ. ನಾಲ್ಕನೆಯವನಿಗೆ ಉಳಿದದ್ದು ರಿಪೋರ್ಟ್ ಬರೆಯೋದು.

ಎಲ್ಲರ ಕೆಲಸವೂ ಚೆನ್ನಾಗಿಯೇ ಆಯಿತು. ಬೆಲ್ಟ್ ಎಳೆದಾಡದೆ ನೇರ ಓಡಿತು. ನಿಂತ ಬೆಲ್ಟ್ ಮೇಲೆ ಪೊಟ್ಟಣ ಇಟ್ಟರೆ ತೂಕ ಸರಿಯಾಗಿ ಬರುತ್ತಿತ್ತು. ಎರಡನ್ನೂ ಕೂಡಿಸಿ ಓಡಿಸಿದ ದಿನ ಪರದೆ ಮೇಲೆ ಬಾಯಿಗೆ ಬಂದ ಅಂಕಿಗಳು.

ಲೆಕ್ಕ ನೋಡಿ. ರೋಲರ್ ವ್ಯಾಸ 50 ಮಿಲಿಮೀಟರ್, ಮೋಟರ್ ನಿಮಿಷಕ್ಕೆ 60 ಸುತ್ತು. ಅಂದರೆ ಬೆಲ್ಟ್ ಸೆಕೆಂಡಿಗೆ ಸುಮಾರು 157 ಮಿಲಿಮೀಟರ್ ಓಡುತ್ತದೆ. ಪ್ಲೇಟ್ ಉದ್ದ 100, ಪೊಟ್ಟಣದ ಉದ್ದ 60. ಪೊಟ್ಟಣ ಪೂರ್ತಿ ಪ್ಲೇಟ್ ಮೇಲಿರುವುದು ಬರೀ 40 ಮಿಲಿಮೀಟರ್ ದಾಟುವಷ್ಟು ಹೊತ್ತು, ಅಂದರೆ ಕಾಲು ಸೆಕೆಂಡು. ಲೋಡ್ ಸೆಲ್‌ನ ಸಿಗ್ನಲನ್ನು ಅಂಕಿ ಮಾಡಿ ಕೊಡಲು ಹಾಕಿದ್ದು ಎಲ್ಲರೂ ಬಳಸುವ ಎಚ್‌ಎಕ್ಸ್711 ಚಿಪ್. ಅಂಗಡಿಯಲ್ಲಿ ಸಿಗುವ ಹಸಿರು ಬೋರ್ಡ್‌ನಲ್ಲಿ ಅದು ಸೆಕೆಂಡಿಗೆ 10 ರೀಡಿಂಗ್ ಕೊಡುತ್ತದೆ. ಜೊತೆಗೆ, ರೀಡಿಂಗ್ ಸ್ಥಿರವಾಗಲು 400 ಮಿಲಿಸೆಕೆಂಡು ಬೇಕು ಎಂದು ಚಿಪ್ ಕಂಪನಿ ಕೊಡುವ ವಿವರದ ಹಾಳೆ, ಅಂದರೆ ಡೇಟಾಶೀಟ್‌ನಲ್ಲೇ ಬರೆದಿದೆ. ತೂಕ ಸ್ಥಿರವಾಗುವ ಹೊತ್ತಿಗೆ ಪೊಟ್ಟಣ ಪ್ಲೇಟ್‌ನಿಂದ ಆಚೆ ಜಾರತೊಡಗಿರುತ್ತದೆ!

ಮೋಟರ್ ವೇಗ ಬೆಲ್ಟ್ ಮಾಡಿದವನಿಗೆ ಗೊತ್ತು. 400 ಮಿಲಿಸೆಕೆಂಡು ಸರ್ಕಿಟ್ ಮಾಡಿದವನಿಗೆ ಗೊತ್ತು. ಈ ಎರಡು ಅಂಕಿ ಒಂದೇ ಹಾಳೆ ಮೇಲೆ ಎಲ್ಲೂ ಬಂದಿರಲಿಲ್ಲ. ಇದನ್ನು ಹಿಡಿದವನು ಯಾರು ಗೊತ್ತಾ? ರಿಪೋರ್ಟ್ ಬರೆಯುತ್ತಿದ್ದವನು. ಎಲ್ಲರ ಹತ್ತಿರ ಅಂಕಿ ಕೇಳಿ ಟೇಬಲ್ ಹಾಕುತ್ತಾ ಕೂತಿದ್ದ, ಅವನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಅವನನ್ನು ಟೀಮ್‌ನಲ್ಲಿ ದಂಡಪಿಂಡ ಅಂತಲೇ ಕರೆಯುತ್ತಿದ್ದರು. (ಆಮೇಲೂ ಲ್ಯಾಬ್‌ಗೆ ಚಕ್ಕರ್ ಹೊಡೆಯೋದು ಬಿಡಲಿಲ್ಲ, ಅದು ಬೇರೆ ಮಾತು.)

ಹಾಗಾಗಿ ಏನೂ ಮಾಡುತ್ತಿಲ್ಲ ಎನ್ನುವ ನಿಮ್ಮ ಆ ಗೆಳೆಯನ ಬಗ್ಗೆ ಒಂದು ಮಾತು. ಕೆಲವರು ನಿಜಕ್ಕೂ ಸೋಮಾರಿಗಳೇ, ಅವರಿಗೆ ಮದ್ದಿಲ್ಲ. ಆದರೆ ಎಷ್ಟೋ ಸಲ ಅವನಿಗೆ ತನ್ನದು ಅಂತ ಒಂದು ತುಂಡು ಸಿಕ್ಕಿರುವುದಿಲ್ಲ. ಕೂಡಿಸುವ ಕೆಲಸ ಅವನ ಕೈಗೆ ಕೊಟ್ಟು ನೋಡಿ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಎಷ್ಟು ವೋಲ್ಟ್, ಎಷ್ಟು ಕರೆಂಟ್, ಯಾವುದಕ್ಕೆ ಎಷ್ಟು ಸಮಯ, ಎಲ್ಲ ಒಂದು ಪುಟದಲ್ಲಿ. ಬರೆಯದೆ ಯಾರೂ ಏನನ್ನೂ ಬದಲಿಸುವಂತಿಲ್ಲ.

ಆ ಪುಟ ಬಂದ ಮೇಲೆ ಇನ್ನೊಂದು ತೊಡಕೂ ಬಿಟ್ಟಿತು. ತಳ್ಳುವ ಸರ್ವೋಗೆ ನಮ್ಮ ಪ್ರೋಗ್ರಾಂ ಓಡುವ ಆರ್ಡುಯಿನೋ ಬೋರ್ಡ್‌ನ 5 ವೋಲ್ಟ್ ಪಿನ್‌ನಿಂದಲೇ ಕರೆಂಟ್ ಕೊಟ್ಟಿತ್ತು. ಅದು ತಳ್ಳಿದಾಗೆಲ್ಲ ಕರೆಂಟ್ ಸಾಲದೆ ಬೋರ್ಡ್ ರೀಸೆಟ್. ಸರ್ವೋಗೆ ಬೇರೆ ಸಪ್ಲೈ ಕೊಟ್ಟು, ಎರಡರ ಗ್ರೌಂಡ್ (ಮೈನಸ್ ತಂತಿ) ಮಾತ್ರ ಸೇರಿಸಿದ ಮೇಲೆ ಸುಮ್ಮನಾಯಿತು.

ಅಂಕಿ ಬರೆದಿಡಿ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಬೆಲ್ಟ್ ಹುಡುಗ ಮಹಾರಾಷ್ಟ್ರದ ಜತ್ ಕಡೆಯವನು, ಮನೆಮಾತು ಕನ್ನಡ. ನಾವಿಬ್ಬರೂ ಮೆಸ್‌ನಲ್ಲಿ ಊಟಕ್ಕೆ ಕೂತರೆ ಪ್ರಾಜೆಕ್ಟ್ ಮಾತೆಲ್ಲ ಕನ್ನಡದಲ್ಲೇ. ಉಳಿದಿಬ್ಬರು ಮರಾಠಿಯವರು. ಅವರಲ್ಲೊಬ್ಬ ಒಂದು ದಿನ ನಗುತ್ತಲೇ ಹೇಳಿದ, "ನಮ್ಮನ್ನು ಬೈಯೋದಿದ್ರೆ ಕನ್ನಡದಲ್ಲೇ ಬೈಕೊಳ್ರಿ, ಅಳತೆ ಮಾತ್ರ ಗ್ರೂಪ್‌ನಲ್ಲಿ ಹಾಕ್ರಿ." ಈ ನಿಯಮ ಎಲ್ಲ ಟೀಮ್‌ಗೂ ಆಗುತ್ತದೆ ಅಲ್ವಾ?

ಕೊನೆಗೆ ನಾವು ನಿಮಿಷಕ್ಕೆ 10 ಸುತ್ತಿನ ಮೋಟರ್ ಹಾಕಿದೆವು. ಚಿಪ್‌ನ 15ನೇ ಪಿನ್ ಎಬ್ಬಿಸಿ ಸಪ್ಲೈಗೆ ಸೇರಿಸಿದರೆ ಸೆಕೆಂಡಿಗೆ 80 ರೀಡಿಂಗ್ ಬರುತ್ತದೆ. ಆದರೆ ಅಂಕಿ ಜಾಸ್ತಿ ಅಲುಗಾಡುತ್ತದೆ, ಮೋಟರ್ ನಡುಕ ಬೇರೆ. ನಿಧಾನದ ಬೆಲ್ಟೇ ಮೇಲು ಅನಿಸಿತು. ಈಗ ಪೊಟ್ಟಣಕ್ಕೆ ಒಂದೂವರೆ ಸೆಕೆಂಡು ಸಿಕ್ಕಿತು, ತೂಕ ಬಂತು. ನೋಡೋಕೆ ಮಾತ್ರ ಎಮ್ಮೆ ನಡಿಗೆ. ವೈವಾದಲ್ಲಿ ಹೊರಗಿನಿಂದ ಬಂದ ಸರ್ ಮೊದಲು ಕೇಳಿದ್ದೇ, ನಿಮಿಷಕ್ಕೆ ಎಷ್ಟು ಪೊಟ್ಟಣ ಅಂತ. ಪ್ಲೇಟ್ ಮೇಲೆ ಒಂದು ಸಲಕ್ಕೆ ಒಂದೇ ಇರಬೇಕು, ಅಂದರೆ ಪ್ಲೇಟಿನ 100, ಪೊಟ್ಟಣದ 60 ಸೇರಿ 160 ಮಿಲಿಮೀಟರ್‌ಗೊಂದು, ಹತ್ತು ದಾಟುವುದಿಲ್ಲ ಸರ್ ಎಂದೆವು. ಯಾಕಿಷ್ಟು ಕಡಿಮೆ ಎಂದರು. ಆ ಪುಟ ತೋರಿಸಿದೆವು. ಉಳಿದ ಹೊತ್ತೆಲ್ಲ ಅದರ ಮೇಲೆಯೇ ಮಾತು ನಡೆಯಿತು.

ಕೂಡಿಸುವ ಕೆಲಸ ಕೊನೆಗೆ ಇಟ್ಟುಕೊಳ್ಳಬೇಡಿ. ಪೂರ್ತಿ ತಯಾರಾಗಲಿ ಅಂತ ಕಾಯಬೇಡಿ. ರೋಲರ್ ಬಂದಿಲ್ಲವಾ, ಪ್ಲೇಟ್ ಮೇಲೆ ಪೊಟ್ಟಣವನ್ನು ಕೈಯಲ್ಲೇ ಅದೇ ವೇಗಕ್ಕೆ ಎಳೆದು ರೀಡಿಂಗ್ ನೋಡಿ. ನಮಗೆ ಬಂದ ತೊಂದರೆ ಅಷ್ಟಕ್ಕೇ ಕಾಣಿಸುತ್ತಿತ್ತು.

ನೀವು ಪುಣೆಯಲ್ಲೇ ಇದ್ದರೆ ಒಂದೆರಡು ಊರಿನ ಮಾತು. ಗಣಪತಿ ಹಬ್ಬಕ್ಕೆ ಮುಂಚೆಯೇ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ತಪಕೀರ್ ಗಲ್ಲಿಯ ಖರೀದಿ ಮುಗಿಸಿ, ಆಮೇಲೆ ಬುಧವಾರ ಪೇಠೆಯೊಳಗೆ ಕಾಲಿಡೋಕೆ ಜಾಗ ಇರಲ್ಲ. ಟೀಮ್‌ನಲ್ಲಿ ಢೋಲ್ ಬಾರಿಸುವವರು ಇದ್ದರೆ ಹಬ್ಬಕ್ಕೆ ಬಹಳ ಮೊದಲೇ ಅಭ್ಯಾಸ ಶುರು, ಸಂಜೆಗಳು ಅವರವಲ್ಲ. ಭೋಸರಿಯಲ್ಲಿ ರೋಲರ್ ಮಾಡಿಸುವಾಗ ಶಾಫ್ಟ್ 8 ಮಿಲಿಮೀಟರ್ ಅಂತ ಸುಮ್ನೆ ಬರೆದರೆ, ಲೇಥ್ ಮೇಲಿನ ಮಾಮಾ "ಬೇರಿಂಗ್ ಟೈಟ್ ಕೂರಬೇಕಾ, ಜಾರಬೇಕಾ?" ಎಂದು ಕೇಳಿಯೇ ಕೇಳುತ್ತಾರೆ. 8 ಮಿಲಿಮೀಟರ್ ಶಾಫ್ಟಿಗೆ ಕೂರುವ 608 ಬೇರಿಂಗ್ ಆದರೆ ಅದನ್ನೇ ಜೇಬಲ್ಲಿ ಹಾಕಿಕೊಂಡು ಹೋಗಿ, ಅವರ ಕೈಗೇ ಕೊಡಿ. ಗುರುವಾರ ಮಾತ್ರ ಹೋಗಬೇಡಿ, ಅಲ್ಲಿನ ಎಂಐಡಿಸಿಗೆ (ಕೈಗಾರಿಕಾ ಪ್ರದೇಶಕ್ಕೆ) ವಾರದ ರಜೆ ಅವತ್ತು.